‘ಬ್ಲಡಿ’ ಅಂದರೆ ಬೈಗುಳವೇ? ಒಂದು ಪದದ 350 ವರ್ಷ

2022ರ ಸೆಪ್ಟೆಂಬರ್ 13. ರಾಣಿ ಎಲಿಜಬೆತ್ ತೀರಿಕೊಂಡು ಐದು ದಿನ ಆಗಿತ್ತು. ಹೊಸ ರಾಜ ಮೂರನೇ ಚಾರ್ಲ್ಸ್ ಉತ್ತರ ಐರ್ಲೆಂಡಿನ ಹಿಲ್ಸ್‌ಬರೊ ಕೋಟೆಮನೆಯಲ್ಲಿ ಪುಸ್ತಕವೊಂದಕ್ಕೆ ಸಹಿ ಹಾಕಲು ಕೂತರು. ಮೊದಲು ತಾರೀಕು ತಪ್ಪಾಯಿತು. ಆಮೇಲೆ ಪೆನ್ನು ಸೋರಿ ಕೈಗೆ ಇಂಕು ಮೆತ್ತಿಕೊಂಡಿತು. ರಾಜರಿಗೆ ಸಿಟ್ಟು ಬಂತು. ‘ಈ ಬ್ಲಡಿ ವಸ್ತುವನ್ನು ಸಹಿಸೋಕೇ ಆಗಲ್ಲ’ ಅಂತ ಗೊಣಗಿಬಿಟ್ಟರು. ಎದುರಿಗೇ ಕ್ಯಾಮೆರಾ ಓಡುತ್ತಿತ್ತು.

ಬ್ರಿಟನ್ನಿನಲ್ಲಿ ರಾಜರ ಸಿಡುಕಿನ ಬಗ್ಗೆ ಮಾತಾಯಿತು. ಆ ಪದದ ಬಗ್ಗೆ ಅಷ್ಟಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ನಮ್ಮಲ್ಲಿ ಆ ವಿಡಿಯೊ ನೋಡಿದವರಿಗೆ ಸ್ವಲ್ಪ ಕಸಿವಿಸಿ ಆಗಿದ್ದರೆ ಆಶ್ಚರ್ಯವಿಲ್ಲ. ನಾವು ಕಲಿತ ‘ಬ್ಲಡಿ’ಯ ಬೆನ್ನಿಗೇ ‘ಫೂಲ್’ ಇರುತ್ತದೆ, ‘ರಾಸ್ಕಲ್’ ಇರುತ್ತದೆ. ಯಾರದಾದರೂ ಕೊರಳಪಟ್ಟಿ ಹಿಡಿಯುವ ಮುಂಚೆ ಬರುವ ಮಾತು ಅದು. ಪೆನ್ನಿಗೆ ಹೇಳುವ ಮಾತಲ್ಲ.

ಹಾಗಾದರೆ ಈ ಪದಕ್ಕೆ ನಿಜವಾದ ಅರ್ಥ ಏನು? ನಿಘಂಟು ತೆಗೆದರೆ ‘ರಕ್ತಮಯ, ನೆತ್ತರು ಬಳಿದ’ ಅಂತ ಸಿಗುತ್ತದೆ. ಅದು ಸರಿಯೇ, ಆದರೆ ಪೆನ್ನಿನಲ್ಲಿ ರಕ್ತ ಇರಲಿಲ್ಲ ಅಲ್ವಾ?

ಈ ಪದ ಎರಡು ಕೆಲಸ ಮಾಡುತ್ತದೆ. ಕನ್ನಡದಲ್ಲಿ ಆ ಎರಡೂ ಕೆಲಸಕ್ಕೆ ನಮಗೆ ಬೇರೆ ಬೇರೆ ಪದಗಳಿವೆ. ಹಾಗಾಗಿ ಇಂಗ್ಲಿಷಿನವರಿಗಿಂತ ನಮಗೇ ಇದು ಸುಲಭವಾಗಿ ಅರ್ಥವಾಗುತ್ತದೆ.

ಮೊದಲನೆಯದು ಗೊಣಗುವ ಕೆಲಸ. ‘ಬ್ಲಡಿ ಪೆನ್ನು’, ‘ಬ್ಲಡಿ ಮಳೆ’, ‘ಬ್ಲಡಿ ಟ್ರಾಫಿಕ್’. ಇಲ್ಲಿ ಕನ್ನಡದವರು ಏನು ಹೇಳ್ತೀವಿ? ‘ಈ ಹಾಳಾದ ಪೆನ್ನು’, ‘ದರಿದ್ರ ಮಳೆ’, ‘ಸುಡುಗಾಡು ಟ್ರಾಫಿಕ್ಕು’. ಪೆನ್ನು ಹಾಳಾಗಿಲ್ಲದಿದ್ದರೂ ಅದು ಹಾಳಾದ ಪೆನ್ನೇ. ಟ್ರಾಫಿಕ್ಕಿನಲ್ಲಿ ಹೆಣ ಸುಡುವುದಿಲ್ಲ. ಆ ಪದ ಅಲ್ಲಿ ಕೂತಿರುವುದು ನಮ್ಮ ಬೇಸರ ತೋರಿಸೋಕೆ ಮಾತ್ರ.

ಎರಡನೆಯದು ಒತ್ತು ಕೊಡುವ ಕೆಲಸ. ‘ಬ್ಲಡಿ ಗುಡ್’, ‘ಬ್ಲಡಿ ಕೋಲ್ಡ್’, ‘ಬ್ಲಡಿ ಬ್ರಿಲಿಯಂಟ್’. ಇಲ್ಲಿ ಅದರ ಅರ್ಥ ‘ತುಂಬಾ’ ಅಂತ ಅಷ್ಟೇ. ಕನ್ನಡದಲ್ಲಿ ಈ ಜಾಗಕ್ಕೆ ‘ಹಾಳಾದ’ ಬರುವುದಿಲ್ಲ. ‘ಹಾಳಾದ ಚೆನ್ನಾಗಿದೆ’ ಅಂತ ಯಾರೂ ಹೇಳಲ್ಲ. ‘ಸಖತ್ತಾಗಿದೆ’ ಅಂತೀವಿ, ‘ಭಯಂಕರ ಚೆನ್ನಾಗಿದೆ’ ಅಂತೀವಿ. ಊಟ ಭಯಂಕರ ರುಚಿಯಾಗಿತ್ತು ಅಂದರೆ ಯಾರೂ ಹೆದರಿ ಓಡುವುದಿಲ್ಲ. ‘ಭಯಂಕರ’ದೊಳಗಿನ ಭಯ ಯಾವತ್ತೋ ಸವೆದುಹೋಗಿದೆ. ‘ಸಖತ್’ ಕೂಡ ಪಾರಸಿಯಿಂದ ಉರ್ದುವಿನ ದಾರಿಯಲ್ಲಿ ಬಂದದ್ದು. ಮೂಲದಲ್ಲಿ ಅದರ ಅರ್ಥ ಗಟ್ಟಿ, ಕಠಿಣ. ಈಗ ಸಿನಿಮಾ ಸಖತ್, ಬಿರಿಯಾನಿ ಸಖತ್. ‘ಹುಚ್ಚಾಪಟ್ಟೆ’ಯಲ್ಲಿ ಹುಚ್ಚು ಉಳಿದಿಲ್ಲ, ‘ವಿಪರೀತ’ದಲ್ಲಿ ತಿರುಗುಮುರುಗು ಉಳಿದಿಲ್ಲ.

ಇದು ಎಲ್ಲ ಭಾಷೆಯಲ್ಲೂ ನಡೆಯುತ್ತದೆ. ಜರ್ಮನ್ನಿನಲ್ಲಿ ‘ತುಂಬಾ’ ಅನ್ನೋಕೆ ದಿನಾ ಬಳಸುವ ‘ಜೇರ್’ ಎಂಬ ಪದ ಹಿಂದೆ ‘ನೋವಾಗುವಂತೆ’ ಎಂಬ ಅರ್ಥದ್ದು. ನೋವು, ಭಯ, ಹುಚ್ಚು, ರಕ್ತ: ಮನಸ್ಸನ್ನು ಜೋರಾಗಿ ತಟ್ಟುವ ಪದಗಳನ್ನೇ ಜನ ಒತ್ತು ಕೊಡೋಕೆ ಎತ್ತಿಕೊಳ್ಳುತ್ತಾರೆ. ಬಳಸಿ ಬಳಸಿ ಅರ್ಥ ತೆಳುವಾಗುತ್ತದೆ, ಜೋರು ಮಾತ್ರ ಉಳಿಯುತ್ತದೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡೋಣ. ‘ಬ್ಲಡಿ ಮೇರಿ’ ಈ ಸಾಲಿಗೆ ಸೇರುವುದಿಲ್ಲ. 1553ರಿಂದ 1558ರವರೆಗೆ ಇಂಗ್ಲೆಂಡನ್ನು ಆಳಿದ ಮೊದಲನೇ ಮೇರಿ ರಾಣಿ ಸುಮಾರು 280 ಪ್ರಾಟೆಸ್ಟಂಟರನ್ನು ಸುಡಿಸಿದಳು. ಆ ಅಡ್ಡಹೆಸರಿನಲ್ಲಿ ‘ಬ್ಲಡಿ’ಗೆ ಹಳೆಯ, ನೇರವಾದ ಅರ್ಥವೇ ಇದೆ: ನೆತ್ತರು ಹರಿಸಿದವಳು.

ಹುಟ್ಟಿದ್ದು ಎಲ್ಲಿ?

ಈ ಪದದ ಮೂಲದ ಬಗ್ಗೆ ಇಂಗ್ಲಿಷಿನವರು ಹೇಳುವ ಕಥೆಗಳು ಒಂದೆರಡಲ್ಲ. ತುಂಬ ಜನಪ್ರಿಯವಾದದ್ದು ಮಾತೆ ಮೇರಿಯ ಕಥೆ. ಹಿಂದೆ ಇಂಗ್ಲಿಷಿನಲ್ಲಿ ‘ಬೈ ಅವರ್ ಲೇಡಿ’ ಅಂತ ಆಣೆ ಇಡುತ್ತಿದ್ದರು. ಯೇಸುವಿನ ತಾಯಿಯ ಮೇಲಾಣೆ ಅಂತ. ಅದು ಬಾಯಲ್ಲಿ ಸವೆದು ‘ಬೈರ್‌ಲೇಡಿ’ ಆಯಿತು, ಅದೇ ಮುಂದೆ ‘ಬ್ಲಡಿ’ ಆಯಿತು ಅನ್ನುವುದು ವಾದ. ಕೇಳೋಕೆ ಚೆನ್ನಾಗಿದೆ. ಆದರೆ ವಾಕ್ಯದಲ್ಲಿಟ್ಟು ನೋಡಿದರೆ ನಿಲ್ಲುವುದಿಲ್ಲ. ಆಣೆಯ ಮಾತು ವಾಕ್ಯದ ಹೊರಗೆ ನಿಲ್ಲುತ್ತದೆ: ‘ದೇವರಾಣೆ, ಅವನು ಕುಡಿದಿದ್ದಾನೆ.’ ‘ಬ್ಲಡಿ’ ಹಾಗಲ್ಲ. ಅದು ಪಕ್ಕದ ಪದಕ್ಕೇ ಅಂಟಿಕೊಂಡು ‘ಎಷ್ಟು ಕುಡಿದಿದ್ದಾನೆ’ ಅಂತ ಹೇಳುತ್ತದೆ. ‘ದೇವರಾಣೆ ಕುಡುಕ’ ಅಂತ ಒಂದು ಬಗೆಯ ಕುಡುಕ ಇರೋಕೆ ಸಾಧ್ಯವಾ?

ಎರಡನೇ ಕಥೆ ‘ದೇವರ ರಕ್ತದ ಮೇಲಾಣೆ’ ಎಂಬ ಹಳೆಯ ಶಪಥದ್ದು. ಅದಕ್ಕೂ ಇದೇ ತೊಂದರೆ ಇದೆ. ಈ ಶಪಥ ನಿಜವಾಗಿಯೂ ಬಳಕೆಯಲ್ಲಿತ್ತು. ಹಾಗಾಗಿ ‘ಬ್ಲಡಿ’ ಅಂದಾಗ ಕೇಳುವವರ ಕಿವಿಯಲ್ಲಿ ಅದರ ನೆನಪೂ ಸ್ವಲ್ಪ ಮೊಳಗಿರಬಹುದು. ಆದರೆ ನೆನಪು ಬೇರೆ, ಬೇರು ಬೇರೆ.

ಮೂರನೆಯದು ಸ್ವಲ್ಪ ಗಟ್ಟಿಯಾದದ್ದು. 17ನೇ ಶತಮಾನದ ಕೊನೆಯ ಇಂಗ್ಲೆಂಡಿನಲ್ಲಿ ಕುಡಿದು ಗಲಾಟೆ ಮಾಡುತ್ತ ತಿರುಗುವ ಶ್ರೀಮಂತರ ಮಕ್ಕಳನ್ನು ‘ಬ್ಲಡ್’ ಅಂತ ಕರೆಯುತ್ತಿದ್ದರು. ದೊಡ್ಡ ಮನೆತನದ ರಕ್ತ ಎಂಬ ಅರ್ಥದಲ್ಲಿ. ‘ಬ್ಲಡಿ ಡ್ರಂಕ್’ ಅಂದರೆ ಅಂಥ ದೊಡ್ಡಮನೆ ಹುಡುಗನ ಹಾಗೆ ಕುಡಿದವನು ಎಂದು. ಆಕ್ಸ್‌ಫರ್ಡ್ ನಿಘಂಟಿನ ಮೊದಲ ಆವೃತ್ತಿ ಈ ವಿವರಣೆಯ ಕಡೆ ವಾಲಿತ್ತು. 1676ರ ಜಾರ್ಜ್ ಎಥರೀಜ್‌ನ ಹಾಸ್ಯನಾಟಕವೊಂದರಲ್ಲಿ ‘ಬ್ಲಡಿ ಡ್ರಂಕ್’ ಎಂಬ ಮಾತು ಇದ್ದಿದ್ದಕ್ಕೂ ಇದು ಹೊಂದಿಕೊಂಡಿತು.

ನನಗೆ ಮಾತ್ರ ಇವೆಲ್ಲಕ್ಕಿಂತ ಸರಳವಾದ ವಿವರಣೆಯೇ ಸರಿ ಅನ್ನಿಸುತ್ತದೆ. ನೆತ್ತರು ಸುರಿಯುವ ಯುದ್ಧಕ್ಕೆ ‘ಬ್ಲಡಿ’ ಅಂದರು. ಕೊಲೆಗಡುಕನಿಗೆ ಅಂದರು. ಆಮೇಲೆ ಕ್ರೂರವಾದ, ವಿಪರೀತವಾದ ಯಾವುದಕ್ಕಾದರೂ ಅಂದರು. ಕೊನೆಗೆ ‘ವಿಪರೀತ’ ಎಂಬುದಷ್ಟೇ ಉಳಿಯಿತು. ಇಂಗ್ಲಿಷಿನ ದಾಯಾದಿ ಭಾಷೆ ಜರ್ಮನ್ನಿನಲ್ಲಿ ‘ಬ್ಲೂಟ್’ ಅಂದರೆ ರಕ್ತ. ‘ಬ್ಲೂಟ್‌ಯುಂಗ್’ ಅಂದರೆ ತೀರಾ ಎಳೆಯ ವಯಸ್ಸಿನವನು. ಅಲ್ಲಿ ಮಾತೆ ಮೇರಿಯೂ ಇಲ್ಲ, ಶ್ರೀಮಂತ ಕುಡುಕರೂ ಇಲ್ಲ. ರಕ್ತವೇ ಒತ್ತಿನ ಪದವಾಗಿದೆ. ನಮ್ಮ ‘ಭಯಂಕರ’ ನಡೆದದ್ದೂ ಇದೇ ದಾರಿಯಲ್ಲಿ. ಕಥೆ ಕಟ್ಟುವ ಅಗತ್ಯವೇ ಬೀಳುವುದಿಲ್ಲ.

ಪಾದ್ರಿ ಬರೆದ ಪದ ಪೊಲೀಸ್ ವರದಿಗೆ ಬಂದದ್ದು

ಈ ಪದ ಹುಟ್ಟುತ್ತಲೇ ಕೊಳಕಾಗಿರಲಿಲ್ಲ. ಅದನ್ನು ಕೊಳಕು ಮಾಡಲಾಯಿತು. ಇದರ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವ ಸಂಗತಿ ಇದು.

1711ರಲ್ಲಿ ಲೇಖಕ ಜೊನಾಥನ್ ಸ್ವಿಫ್ಟ್ ಇಂಗ್ಲೆಂಡಿನಿಂದ ಡಬ್ಲಿನ್ನಿನ ಗೆಳತಿ ಎಸ್ತರ್ ಜಾನ್ಸನ್‌ಗೆ ದಿನಚರಿಯ ಹಾಗೆ ಕಾಗದ ಬರೆಯುತ್ತಿದ್ದ. ಸ್ವಿಫ್ಟ್ ಚರ್ಚಿನ ಪಾದ್ರಿ. ಒಂದು ಕಾಗದದಲ್ಲಿ ‘ಬ್ಲಡಿ ಚಳಿ ಆಗ್ತಾ ಇದೆ, ಇಲ್ಲಿ ನನ್ನ ಹತ್ತಿರ ವೇಸ್ಟ್‌ಕೋಟ್ ಇಲ್ಲ’ ಅಂತ ಬರೆದಿದ್ದಾನೆ. ಇನ್ನೊಂದರಲ್ಲಿ ಬಿಸಿಲಿನಲ್ಲಿ ನಡೆದು ‘ಬ್ಲಡಿ ಸೆಕೆ’ ಅಂದಿದ್ದಾನೆ. ಒಬ್ಬ ಪಾದ್ರಿ, ತಾನು ಗೌರವಿಸುವ ಹೆಂಗಸಿಗೆ, ಹವಾಮಾನದ ಬಗ್ಗೆ ಬರೆಯುತ್ತ ಬಳಸಿದ ಪದ ಇದು. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇದ್ದ ಹಾಗಿಲ್ಲ.

ಮುಂದಿನ ನಲವತ್ತು ಐವತ್ತು ವರ್ಷದಲ್ಲಿ ಗಾಳಿ ಬದಲಾಯಿತು. 1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್‌ನ ನಿಘಂಟು ಈ ಬಳಕೆಯನ್ನು ತುಂಬಾ ಅಸಭ್ಯ ಅಂತ ಗುರುತು ಹಾಕಿತು. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಬೀದಿಮಾತುಗಳ ನಿಘಂಟು ಮಾಡಿದಾಗ, ಇದು ಕಳ್ಳರಿಗೆ ಬಲು ಇಷ್ಟವಾದ ಬೈಗುಳ ಅಂತ ಬರೆದ. 1880ರ ದಶಕದಲ್ಲಿ ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ ಇನ್ನೂ ಮುಂದೆ ಹೋದರು. ಇದು ತೀರಾ ಕೆಳವರ್ಗದವರ ಬಾಯಲ್ಲಿ ಸದಾ ಇರುವ ಪದ, ಮರ್ಯಾದಸ್ಥರ ಪಾಲಿಗೆ ಘೋರವಾದದ್ದು, ಪತ್ರಿಕೆಗಳು ಪೊಲೀಸ್ ವರದಿಗಳಲ್ಲಿ ಇದರ ಮೊದಲ ಮತ್ತು ಕೊನೆಯ ಅಕ್ಷರ ಮಾತ್ರ ಹಾಕಿ ನಡುವೆ ಗೆರೆ ಎಳೆಯುತ್ತವೆ ಎಂದು ಬರೆದರು.

ಪದ ಅದೇ. ಅದರ ಅರ್ಥವೂ ಅದೇ. ಬದಲಾದದ್ದು ಯಾರ ಬಾಯಲ್ಲಿ ಇದೆ ಎಂಬುದು. ಮಧ್ಯಮವರ್ಗ ಬೆಳೆದ ಹಾಗೆಲ್ಲ ಮಾತಿನಲ್ಲಿ ಮಡಿ ಹೆಚ್ಚಿತು. ಕೂಲಿಯವರು, ನಾವಿಕರು, ಸಿಪಾಯಿಗಳು ಆಡುವ ಪದವನ್ನು ತಾವು ಆಡದೇ ಇರುವುದೇ ದೊಡ್ಡಸ್ತಿಕೆಯ ಗುರುತಾಯಿತು. ಪದಕ್ಕೆ ಅಂಟಿದ್ದು ರಕ್ತವಲ್ಲ, ವರ್ಗ.

ಬಾಯಿಗೆ ಬಂದದ್ದನ್ನು ತಡೆಯೋಕಾಗದೆ ಜನ ಬದಲಿ ಪದ ಹುಡುಕಿಕೊಂಡರು. ‘ಬ್ಲೂಮಿಂಗ್’, ‘ಬ್ಲಿಂಕಿಂಗ್’, ‘ರಡ್ಡಿ’ ಎಲ್ಲ ಹೀಗೆ ಚಾಲ್ತಿಗೆ ಬಂದವು. ಮೊದಲೆರಡರಲ್ಲಿ ಶುರುವಿನ ಸದ್ದು ಉಳಿದಿದೆ, ಮೂರನೆಯದರಲ್ಲಿ ಕೆಂಪು ಬಣ್ಣ ಉಳಿದಿದೆ. ಈ ಮಡಿ ಎಷ್ಟಿತ್ತೆಂದರೆ, 1887ರ ಜನವರಿಯಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ ಜೋಡಿಯ ಸಂಗೀತ ನಾಟಕ ‘ರಡ್ಡಿಗೋರ್’ ಲಂಡನ್ನಿನಲ್ಲಿ ತೆರೆಕಂಡಾಗ, ಆ ಹೆಸರೇ ‘ಬ್ಲಡಿ’ಗೆ ತೀರಾ ಹತ್ತಿರವಾಯಿತು ಎಂದು ಜನ ಮುಖ ಸಿಂಡರಿಸಿದರು. ಕೆಲವೇ ದಿನಗಳಲ್ಲಿ ಹೆಸರಿನ ಕಾಗುಣಿತದಲ್ಲಿ ಒಂದು ಅಕ್ಷರ ಬದಲಿಸಬೇಕಾಯಿತು.

1914ರ ಆ ಸಂಜೆ

ಆಮೇಲೆ ಬಂದವರು ಬರ್ನಾರ್ಡ್ ಶಾ. 1914ರ ಏಪ್ರಿಲ್ 11ರಂದು ಲಂಡನ್ನಿನ ಹಿಸ್ ಮೆಜೆಸ್ಟೀಸ್ ಥಿಯೇಟರಿನಲ್ಲಿ ‘ಪಿಗ್ಮೇಲಿಯನ್’ ನಾಟಕ. ಬೀದಿಯಲ್ಲಿ ಹೂ ಮಾರುವ ಎಲೈಜಾ ಡೂಲಿಟಲ್ ಎಂಬ ಹುಡುಗಿಗೆ ಧ್ವನಿಶಾಸ್ತ್ರದ ಪ್ರೊಫೆಸರ್ ಹಿಗಿನ್ಸ್ ದೊಡ್ಡವರ ಇಂಗ್ಲಿಷ್ ಕಲಿಸುತ್ತಾನೆ. ಮೂರನೇ ಅಂಕದಲ್ಲಿ ಅವಳನ್ನು ತನ್ನ ತಾಯಿಯ ಮನೆಗೆ, ಅತಿಥಿಗಳ ನಡುವೆ ಪರೀಕ್ಷೆಗೆ ಕರೆತರುತ್ತಾನೆ. ಎಲೈಜಾಳ ಉಚ್ಚಾರಣೆ ಒಂದು ಚೂರೂ ತಪ್ಪಿಲ್ಲ. ಹೊರಡುವಾಗ ಫ್ರೆಡ್ಡಿ ಎಂಬ ಯುವಕ, ಪಾರ್ಕ್ ದಾಟಿ ನಡೆದು ಹೋಗ್ತೀರಾ ಅಂತ ಕೇಳುತ್ತಾನೆ. ‘ನಡೆಯುವುದಾ! ನಾಟ್ ಬ್ಲಡಿ ಲೈಕ್ಲಿ. ನಾನು ಟ್ಯಾಕ್ಸಿಯಲ್ಲಿ ಹೋಗ್ತೀನಿ’ ಅನ್ನುತ್ತಾಳೆ ಎಲೈಜಾ.

ಕನ್ನಡದಲ್ಲಿ ಇದನ್ನು ಹೇಳುವುದಾದರೆ ‘ನಡ್ಕೊಂಡಾ? ಮಣ್ಣಂಗಟ್ಟಿ! ಟ್ಯಾಕ್ಸಿಲಿ ಹೋಗ್ತೀನಿ’ ಅನ್ನಬೇಕಾದೀತು. ಅದೂ ಆಕಾಶವಾಣಿಯ ವಾರ್ತೆ ಓದುವವರ ದನಿಯಲ್ಲಿ.

ಎಲೈಜಾಳ ಪಾತ್ರ ಮಾಡಿದ್ದು ಮಿಸೆಸ್ ಪ್ಯಾಟ್ರಿಕ್ ಕ್ಯಾಂಪ್‌ಬೆಲ್. ಆಗ ಅವರಿಗೆ 49 ವರ್ಷ. ಆ ಮಾತು ಬಿದ್ದಾಗ ಸಭಾಂಗಣದಲ್ಲಿ ಎದ್ದ ನಗು ಒಂದು ನಿಮಿಷ ದಾಟಿದರೂ ನಿಲ್ಲಲಿಲ್ಲವಂತೆ. ಆಗ ಬ್ರಿಟನ್ನಿನಲ್ಲಿ ಪ್ರತಿ ನಾಟಕವೂ ಸೆನ್ಸಾರ್ ಆಗಬೇಕಿತ್ತು. ಈ ಮಾತು ಅದನ್ನು ದಾಟಿ ಬಂದಿತ್ತು. ಪತ್ರಿಕೆಗಳಲ್ಲಿ ದೊಡ್ಡ ಚರ್ಚೆ ಆಯಿತು. ನಾಟಕದ ಹೆಸರೇ ಹೊಸ ಬದಲಿ ಪದವಾಗಿ, ಜನ ತಮಾಷೆಗೆ ‘ನಾಟ್ ಪಿಗ್ಮೇಲಿಯನ್ ಲೈಕ್ಲಿ’ ಅನ್ನತೊಡಗಿದರು.

ಆದರೆ ಶಾ ಗದ್ದಲ ಎಬ್ಬಿಸೋಕೆ ಸುಮ್ನೆ ಈ ಪದ ತುರುಕಲಿಲ್ಲ. ಅದೇ ದೃಶ್ಯದಲ್ಲಿ ಫ್ರೆಡ್ಡಿಯ ಸಹೋದರಿ ಕ್ಲಾರಾ ಇದ್ದಾಳೆ. ಇದೇ ಈಗಿನ ಹೊಸ ಫ್ಯಾಷನ್ನಿನ ಮಾತು ಇರಬೇಕು ಅಂದುಕೊಂಡು, ಹೋಗುವಾಗ ತಾನೂ ‘ಬ್ಲಡಿ ನಾನ್‌ಸೆನ್ಸ್’ ಅನ್ನುತ್ತಾಳೆ. ಒಳ್ಳೆಯ ಮನೆತನದ ಉಚ್ಚಾರಣೆಯಲ್ಲಿ ಬಂದರೆ ಅದೇ ಪದ ಫ್ಯಾಷನ್ ಆಗುತ್ತದೆ. ಬೀದಿಯ ಉಚ್ಚಾರಣೆಯಲ್ಲಿ ಬಂದರೆ ಪೊಲೀಸ್ ವರದಿ ಆಗುತ್ತದೆ. ನೂರೈವತ್ತು ವರ್ಷದ ಮಡಿಯನ್ನು ಶಾ ಎರಡು ಸಾಲಿನಲ್ಲಿ ಬಿಚ್ಚಿಟ್ಟರು.

ಅಲ್ಲಿಂದ ಮುಂದೆ ಪದ ನಿಧಾನಕ್ಕೆ ಮನೆಯೊಳಗೆ ಬಂತು. ಎರಡು ಮಹಾಯುದ್ಧಗಳಲ್ಲಿ ಎಲ್ಲ ವರ್ಗದ ಗಂಡಸರೂ ಒಂದೇ ಕಂದಕದಲ್ಲಿ ಕೂತರು. 1960ರ ದಶಕದಲ್ಲಿ ಬಿಬಿಸಿ ಧಾರಾವಾಹಿಯಲ್ಲೇ ಈ ಪದ ಧಾರಾಳವಾಗಿ ಕೇಳಿಸಿತು, ಅದರ ವಿರುದ್ಧ, ಟಿವಿಯಲ್ಲಿ ಸಭ್ಯತೆ ಬೇಕೆಂದು ಚಳವಳಿ ಮಾಡುತ್ತಿದ್ದ ಮೇರಿ ವೈಟ್‌ಹೌಸ್‌ರಂಥವರು ಹೋರಾಡಿದರು. 1989ರಲ್ಲಿ ಆಗಿನ್ನೂ ಯುವರಾಜರಾಗಿದ್ದ ಇದೇ ಚಾರ್ಲ್ಸ್, ತಮ್ಮ ಕಚೇರಿಯ ಕಾಗದಗಳನ್ನೆಲ್ಲ ತಾವೇ ತಿದ್ದಬೇಕಾಗಿದೆ, ಇಂಗ್ಲಿಷನ್ನು ‘ಸೊ ಬ್ಲಡಿ ಬ್ಯಾಡ್ಲಿ’ ಕಲಿಸುತ್ತಿದ್ದಾರೆ ಅಂತ ಸಾರ್ವಜನಿಕವಾಗಿಯೇ ಹೇಳಿದ್ದರು. ಶುದ್ಧ ಇಂಗ್ಲಿಷ್ ಬೇಕು ಎಂದು ವಾದಿಸುವಾಗಲೇ ಈ ಪದ ಬಂತು. ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2016ರಲ್ಲಿ ಬೈಗುಳಗಳನ್ನು ಅವುಗಳ ಖಾರದ ಪ್ರಕಾರ ವಿಂಗಡಿಸಿದಾಗ, ‘ಬ್ಲಡಿ’ಗೆ ಸಿಕ್ಕಿದ್ದು ಅತ್ಯಂತ ಸೌಮ್ಯವಾದ ದರ್ಜೆ.

ಆಸ್ಟ್ರೇಲಿಯಾದ ಮನೆಮಾತು

ಆಸ್ಟ್ರೇಲಿಯಾದ ಕಥೆ ಬೇರೆಯೇ. ಅಲ್ಲಿಗೆ ಈ ಪದ ಹೋದದ್ದೇ ಗಡೀಪಾರಾದ ಕೈದಿಗಳು, ನಾವಿಕರು, ಸಿಪಾಯಿಗಳ ಜೊತೆ. ಅದನ್ನು ಹತ್ತಿಕ್ಕುವಷ್ಟು ಮಡಿವಂತರು ಅಲ್ಲಿ ಜಾಸ್ತಿ ಇರಲಿಲ್ಲ. 1847ರಲ್ಲಿ ಅಲೆಕ್ಸಾಂಡರ್ ಮಾರ್ಜೊರಿಬ್ಯಾಂಕ್ಸ್ ಎಂಬ ಪ್ರವಾಸಿ ನ್ಯೂ ಸೌತ್ ವೇಲ್ಸ್ ಬಗ್ಗೆ ಪುಸ್ತಕ ಬರೆದ. ಒಬ್ಬ ಎತ್ತಿನಗಾಡಿಯವನು ಕಾಲು ಗಂಟೆಯಲ್ಲಿ ಎಷ್ಟು ಸಲ ‘ಬ್ಲಡಿ’ ಅನ್ನುತ್ತಾನೆ ಅಂತ ಕೂತು ಎಣಿಸಿದ. ಅವನಿಗೆ ಎಂಟು ಗಂಟೆ ನಿದ್ದೆ ಬಿಟ್ಟ, ಆರು ಗಂಟೆ ಮೌನ ಬಿಟ್ಟ. ಉಳಿದ ಹತ್ತು ಗಂಟೆ ಮಾತಿನ ಲೆಕ್ಕಕ್ಕೆ ಹಿಡಿದ. 20ನೇ ವಯಸ್ಸಿನಿಂದ 70ರವರೆಗೆ ಗುಣಿಸಿದ. ಬಂದ ಮೊತ್ತ 1 ಕೋಟಿ 82 ಲಕ್ಷ! 1890ರ ದಶಕದ ಹೊತ್ತಿಗೆ ಸಿಡ್ನಿಯ ‘ಬುಲೆಟಿನ್’ ಪತ್ರಿಕೆ ಇದನ್ನು ಆಸ್ಟ್ರೇಲಿಯನ್ ವಿಶೇಷಣ ಅಂತಲೇ ಕರೆದಿತ್ತು.

ಅಲ್ಲಿ ಸರ್ಕಾರವೂ ಈ ಪದ ಬಳಸುತ್ತದೆ. ವಿಕ್ಟೋರಿಯಾ ರಾಜ್ಯದ ರಸ್ತೆ ಅಪಘಾತ ಆಯೋಗ 1989ರಲ್ಲಿ ಶುರುಮಾಡಿದ ಜಾಹೀರಾತಿನ ಸಾರ ಇದು: ಕುಡಿದು ಗಾಡಿ ಓಡಿಸಿದರೆ ನೀನು ‘ಬ್ಲಡಿ ಈಡಿಯಟ್’. ಮೆಲ್ಲಗೆ ಬುದ್ಧಿ ಹೇಳಿದರೆ ಕೇಳದವರಿಗೆ ಗೆಳೆಯನೇ ಬೈದ ಹಾಗೆ ಇರಲಿ ಎಂಬುದು ಅದರ ಲೆಕ್ಕಾಚಾರ. 2006ರಲ್ಲಿ ಅಲ್ಲಿನ ಪ್ರವಾಸೋದ್ಯಮ ಸಂಸ್ಥೆ ಕಡಲತೀರ ತೋರಿಸಿ ‘ಎಲ್ಲಿ ಬ್ಲಡಿ ಹೆಲ್ ಇದ್ದೀರಿ ನೀವು?’ ಅಂತ ಜಗತ್ತನ್ನೇ ಕರೆಯಿತು. ಆಸ್ಟ್ರೇಲಿಯಾದ ಕಿವಿಗೆ ಅದು ‘ಎಲ್ಲಿ ಸತ್ತೋಗಿದ್ಯೋ ಮಾರಾಯ, ಬಾರೋ’ ಎಂಬ ಪ್ರೀತಿಯ ಗದರಿಕೆ. ಪದ ಹುಟ್ಟಿದ ಬ್ರಿಟನ್ನಿನಲ್ಲೇ ಆ ಜಾಹೀರಾತನ್ನು ಟಿವಿಯಲ್ಲಿ ಹಾಕೋಕೆ ಮೊದಲು ಬಿಡಲಿಲ್ಲ. ಪ್ರವಾಸೋದ್ಯಮ ಸಂಸ್ಥೆ ತಕರಾರು ತೆಗೆದ ಮೇಲೆ ಬಿಟ್ಟರು.

ಪದದ ಹೊಟ್ಟೆಯೊಳಗೆ ಪದ

‘ಬ್ಲಡಿ’ ಇನ್ನೊಂದು ಪದವನ್ನು ಸೀಳಿ ಅದರ ಒಳಗೇ ಹೋಗಿ ಕೂರಬಲ್ಲದು. ‘ಆಬ್ಸಲೂಟ್ಲಿ’ ಎಂಬುದು ‘ಆಬ್ಸೊ-ಬ್ಲಡಿ-ಲೂಟ್ಲಿ’ ಆಗುತ್ತದೆ. ‘ಫೆಂಟಾಸ್ಟಿಕ್’ ಎಂಬುದು ‘ಫೆನ್-ಬ್ಲಡಿ-ಟಾಸ್ಟಿಕ್’ ಆಗುತ್ತದೆ. ಇದಕ್ಕೊಂದು ನಿಯಮ ಇದೆ. ಆ ಪದವನ್ನು ಉಚ್ಚರಿಸುವಾಗ ಯಾವ ಭಾಗಕ್ಕೆ ಒತ್ತು ಬೀಳುತ್ತದೋ ಅದಕ್ಕೆ ಮುಂಚೆಯೇ ‘ಬ್ಲಡಿ’ ಬರಬೇಕು. ‘ಆಬ್ಸಲೂಟ್ಲಿ’ಯಲ್ಲಿ ಒತ್ತು ‘ಲೂ’ ಮೇಲೆ. ಹಾಗಾಗಿ ‘ಆಬ್-ಬ್ಲಡಿ-ಸಲೂಟ್ಲಿ’ ಅಂದರೆ ಇಂಗ್ಲಿಷಿನವರ ಕಿವಿಗೆ ಕರ್ಕಶ. ಬ್ಯಾಂಗಲೋರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಲಂಡನ್ನಿನವನು ‘ಬ್ಯಾಂಗ-ಬ್ಲಡಿ-ಲೋರ್’ ಅಂದಾನೇ ಹೊರತು ‘ಬ್ಯಾಂ-ಬ್ಲಡಿ-ಗಲೋರ್’ ಅನ್ನಲಾರ. ಶಾಲೆಯಲ್ಲಿ ಈ ನಿಯಮ ಯಾರೂ ಕಲಿಸುವುದಿಲ್ಲ. ಆದರೂ ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆಲ್ಲ ಗೊತ್ತು. ಇಂಗ್ಲಿಷಿನ ಲಯ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯೋಕೆ ಭಾಷಾಶಾಸ್ತ್ರದವರು ಈ ಬೈಗುಳವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಬರೆದಿದ್ದಾರೆ.

ನಮ್ಮಲ್ಲಿಗೆ ಬಂದದ್ದು ಅರ್ಧ ಮಾತ್ರ

ಇಂಗ್ಲೆಂಡಿನಲ್ಲಿ ಇಷ್ಟು ಸೌಮ್ಯವಾದ ಪದ ನಮ್ಮಲ್ಲಿ ಯಾಕೆ ಇನ್ನೂ ಚುಚ್ಚುತ್ತದೆ? ನನಗನ್ನಿಸುವುದು, ಅದು ಬಂದ ದಾರಿ ಅಂಥದ್ದು. ಬೆಂಗಳೂರಿನ ದಂಡು ಪ್ರದೇಶ ಶುರುವಾದದ್ದು 1809ರಲ್ಲಿ. ದಂಡಿನಲ್ಲಿ ಬಿಳಿಯ ಅಧಿಕಾರಿ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಬಿಳಿಯ ದೊರೆ. ಇಂಗ್ಲಿಷ್ ಮೇಲಿನಿಂದ ಕೆಳಕ್ಕೆ ಬೀಳುವ ಭಾಷೆಯಾಗಿತ್ತು. ಚಳಿ ಬಗ್ಗೆ ಗೆಳತಿಗೆ ಕಾಗದ ಬರೆಯುವ ‘ಬ್ಲಡಿ’ ನಮ್ಮ ಕಿವಿಗೆ ಬಿದ್ದಿರುವ ಸಾಧ್ಯತೆ ಕಡಿಮೆ. ಆಳಿಗೆ, ಗುಮಾಸ್ತನಿಗೆ, ಸಿಪಾಯಿಗೆ ಗದರುವ ‘ಬ್ಲಡಿ ಫೂಲ್’ ಬಿದ್ದಿತ್ತು. ಹೀಗಾಗಿ ಪದದ ಎರಡು ಕೆಲಸಗಳಲ್ಲಿ ಒಂದನ್ನು ಮಾತ್ರ, ಅದರಲ್ಲೂ ಮನುಷ್ಯರ ಮೇಲೆ ಎಸೆಯುವುದನ್ನು ಮಾತ್ರ ನಾವು ಕಲಿತೆವು. ಆಮೇಲೆ ಹಳೆಯ ಸಿನಿಮಾಗಳಲ್ಲಿ ಸೂಟು ಹಾಕಿದ ಖಳನಾಯಕರು, ಕಚೇರಿಗಳಲ್ಲಿ ಸಿಡುಕುವ ಸಾಹೇಬರು ಅದನ್ನೇ ಮುಂದುವರಿಸಿದರು. ಕನ್ನಡ ವಾಕ್ಯದ ನಡುವೆ ‘ಬ್ಲಡಿ’ ಬಂದರೆ ಈಗಲೂ ಅದರಲ್ಲಿ ಅಧಿಕಾರದ ದರ್ಪ ಕೇಳಿಸುತ್ತದೆ.

ಇದು ಗೊತ್ತಿದ್ದರೆ ದಿನನಿತ್ಯದ ಕೆಲಸಕ್ಕೂ ಅನುಕೂಲ. ಮ್ಯಾಂಚೆಸ್ಟರಿನಿಂದ ಕರೆ ಮಾಡಿದ ಸಹೋದ್ಯೋಗಿ ನಿಮ್ಮ ಕೆಲಸಕ್ಕೆ ‘ದಟ್ಸ್ ಬ್ಲಡಿ ಗುಡ್’ ಅಂದರೆ, ಅವರು ಹೇಳಿದ್ದು ‘ಸಖತ್ತಾಗಿದೆ’ ಅಂತ. ‘ಬ್ಲಡಿ ಪ್ರಿಂಟರ್’ ಅಂದರೆ ‘ಹಾಳಾದ ಪ್ರಿಂಟರ್’ ಅಂತ. ಎರಡರಲ್ಲೂ ನಿಮಗೆ ಬೈದದ್ದು ಏನೂ ಇಲ್ಲ. ಆದರೆ ಮೆಲ್ಬರ್ನಿನಲ್ಲಿ ನಾಲ್ಕು ವರ್ಷ ಇದ್ದು ಊರಿಗೆ ಬಂದವರು ಅಲ್ಲಿನ ರೂಢಿಯಲ್ಲೇ ಆಟೊ ಚಾಲಕರಿಗೋ ಮನೆಗೆಲಸದವರಿಗೋ ಇಂಗ್ಲಿಷಿನಲ್ಲಿ ‘ಯೂ ಬ್ಲಡಿ ಬ್ಯೂಟಿ’ ಅಂತ ಹೊಗಳಿದರೆ, ಕೇಳಿದವರಿಗೆ ಮೊದಲ ಎರಡು ಪದ ಮಾತ್ರ ಕೇಳಿಸುತ್ತದೆ. ಆ ಎರಡು ಪದದ ಹಿಂದೆ ಯಾವ ಚರಿತ್ರೆ ಇದೆ ಎಂದು ಅವರ ಅಜ್ಜಂದಿರಿಗೆ ಚೆನ್ನಾಗಿ ಗೊತ್ತಿತ್ತು.